ಮಗುವಿನ ಹುಲ್ಲಿನ ಅಲರ್ಜಿಗೆ ಮನೆಯ ಆರೈಕೆ: ಯಾವುದು ಫಲ ಕೊಡುತ್ತದೆ, ಯಾವುದನ್ನು ದೂರವಿಡಬೇಕು

ಹುಲ್ಲಿನ ಮೇಲೆ ಆಡಿ ಬಂದ ಮಗು ಒಂದೇ ಸಮನೆ ಸೀನುತ್ತದೆ, ಕಣ್ಣುಜ್ಜಿಕೊಳ್ಳುತ್ತದೆ, ಕಾಲಿನ ಮೇಲೆ ಕೆಂಪು ದದ್ದು ಏಳುತ್ತದೆ; ಮಾತ್ರೆ, ಸಿರಪ್ ಕೊಡದೆ ನೈಸರ್ಗಿಕವಾಗಿ ಇದನ್ನು ಶಮನಗೊಳಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಓದುಗರು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಬಹಳಷ್ಟು ಮಟ್ಟಿಗೆ ಸಾಧ್ಯ. ಆದರೆ ಕೇಳುವವರಲ್ಲಿ ಹೆಚ್ಚಿನವರು ಯಾವುದಾದರೂ ಕಷಾಯವನ್ನೋ ಪುಡಿಯನ್ನೋ ನಿರೀಕ್ಷಿಸುತ್ತಾರೆ, ಫಲ ಕೊಡುವ ಉಪಾಯಗಳಾದರೋ ಬಾಯಿಯ ಮೂಲಕ ಹೋಗುವಂಥವಲ್ಲ. ಪರಾಗವು ಮಗುವಿಗೆ ತಾಗದಂತೆ ನೋಡಿಕೊಳ್ಳುವುದು ಮತ್ತು ತಾಗಿದ್ದನ್ನು ನೀರಿನಿಂದ ತೊಳೆದು ತೆಗೆಯುವುದು, ಇವೆರಡೇ ಮನೆಯ ಆರೈಕೆಯ ಮುಕ್ಕಾಲು ಭಾಗ. ಈ ಲೇಖನವನ್ನು ಆ ಕ್ರಮದಲ್ಲಿಯೇ ಬರೆದಿದ್ದೇನೆ. ಹಂತಗಳನ್ನು ಹಿಂದುಮುಂದು ಮಾಡದೆ ಅನುಸರಿಸಿ, ಏಕೆಂದರೆ ಮೊದಲ ಮೂರನ್ನು ಬಿಟ್ಟು ನಾಲ್ಕನೆಯದನ್ನು ಮಾತ್ರ ಮಾಡಿದರೆ ಅರ್ಧ ಪ್ರಯೋಜನವೂ ಸಿಗುವುದಿಲ್ಲ.

ಈಗಾಗಲೇ ಉಬ್ಬಸವಿರುವ ಮಗುವಿನ ತಂದೆತಾಯಿಯರು ಮೊದಲು ಏಳನೆಯ ಹಂತವನ್ನು ಓದಿ, ಆಮೇಲೆ ಇಲ್ಲಿಗೆ ಬನ್ನಿ.

ದೇಹದಲ್ಲಿ ಏನಾಗುತ್ತದೆ

ಹುಲ್ಲಿನ ಹೂವುಗಳಿಗೆ ಬಣ್ಣವಿಲ್ಲ, ಮಕರಂದವಿಲ್ಲ, ದುಂಬಿಗಳ ಹಂಗೂ ಇಲ್ಲ. ಅವು ತಮ್ಮ ಪರಾಗವನ್ನು, ಅಂದರೆ ಹೂವಿನ ಗಂಡು ಧೂಳನ್ನು, ಗಾಳಿಗೆ ತೂರಿಬಿಡುತ್ತವೆ. ಒಂದೊಂದು ಕಣವೂ ಸಾಮಾನ್ಯವಾಗಿ 20ರಿಂದ 40 ಮೈಕ್ರೋಮೀಟರ್ ಅಗಲವಿರುತ್ತದೆ, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಈ ಗಾತ್ರದ ಕಣಗಳು ಹೆಚ್ಚಾಗಿ ಮೂಗಿನಲ್ಲಿಯೇ ಸಿಕ್ಕಿಕೊಳ್ಳುತ್ತವೆ, ಕಣ್ಣಿನ ಪಸೆಗೆ ಅಂಟಿಕೊಳ್ಳುತ್ತವೆ. ಅಲರ್ಜಿಯಿರುವ ಮಗುವಿನ ರೋಗನಿರೋಧಕ ವ್ಯವಸ್ಥೆಯು ನಿರುಪದ್ರವಿಯಾದ ಈ ಧೂಳನ್ನು ಶತ್ರುವೆಂದು ಗುರುತಿಸಿಟ್ಟುಕೊಂಡಿರುತ್ತದೆ. ಹಾಗೆ ಗುರುತಿಸಲು ಅದು ಬಳಸುವ ಪ್ರೋಟೀನಿಗೆ ಐಜಿಇ ಪ್ರತಿಕಾಯ ಎನ್ನುತ್ತಾರೆ. ಪರಾಗ ಮತ್ತೆ ತಾಗಿದೊಡನೆ ಮೂಗು, ಕಣ್ಣು, ಚರ್ಮಗಳಲ್ಲಿರುವ ಮಾಸ್ಟ್ ಕೋಶಗಳೆಂಬ ಕಾವಲು ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಹಾಕುತ್ತವೆ. ತುರಿಕೆ, ಸೀನು, ನೀರಿಳಿಯುವಿಕೆ, ಊತ ಎಲ್ಲವೂ ಅದರ ಕೆಲಸ.

1819ರಲ್ಲಿ ಜಾನ್ ಬೊಸ್ಟಾಕ್ ಎಂಬ ಇಂಗ್ಲಿಷ್ ವೈದ್ಯರು ತಮಗೇ ಪ್ರತಿ ಬೇಸಿಗೆಯಲ್ಲಿ ಬರುತ್ತಿದ್ದ ಈ ತೊಂದರೆಯನ್ನು ವಿವರಿಸಿದರು. ಅದಕ್ಕೆ ಹುಲ್ಲಿನ ಪರಾಗವೇ ಕಾರಣವೆಂದು ಚಾರ್ಲ್ಸ್ ಬ್ಲ್ಯಾಕ್ಲಿ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1873ರಲ್ಲಿ ಪ್ರಕಟಿಸಿದರು. ಇದಕ್ಕೆ ಆಂಗ್ಲರು ಒಣಹುಲ್ಲಿನ ಜ್ವರವೆಂದು ಹೇಳುತ್ತ ಬಂದಿದ್ದಾರೆ, ಆದರೆ ಇದರಲ್ಲಿ ಜ್ವರ ಬರುವುದಿಲ್ಲ. ನೆನಪಿಡಿ: ಜ್ವರವಿದ್ದರೆ ಕಾರಣ ಬೇರೆ.

ಸಿದ್ಧಪಡಿಸಿಕೊಳ್ಳಬೇಕಾದವು

ಒಂದು ಸಣ್ಣ ದಿನಚರಿ ಪುಸ್ತಕ, ಮಗುವಿನ ತಲೆಗೆ ಅಂಚಿರುವ ಟೋಪಿ ಮತ್ತು ಪಕ್ಕಗಳನ್ನೂ ಮುಚ್ಚುವ ತಂಪು ಕನ್ನಡಕ, ಪೆಟ್ರೋಲಿಯಂ ಜೆಲ್ಲಿ, ಅಯೋಡಿನ್ ಬೆರೆಸದ ಉಪ್ಪು ಅಥವಾ ಔಷಧ ಅಂಗಡಿಯಲ್ಲಿ ಸಿಗುವ ಸಲೈನ್, ಅಂದರೆ ದೇಹದ ದ್ರವದಷ್ಟೇ ಉಪ್ಪಿರುವ ಶುದ್ಧ ನೀರು, ಮೂಗು ತೊಳೆಯಲೆಂದೇ ಮಾಡಿದ ಮೆತ್ತನೆಯ ಬಾಟಲಿ ಅಥವಾ ಸೂಜಿಯಿಲ್ಲದ ಸಿರಿಂಜ್, ಮೆತ್ತನೆಯ ಹತ್ತಿಬಟ್ಟೆಗಳು. ಇಷ್ಟು ಸಾಕು. ಗಾಳಿ ಶುದ್ಧೀಕರಿಸುವ ಯಂತ್ರ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊದಲ ದಿನವೇ ಅದಕ್ಕೆ ಹಣ ಸುರಿಯಬೇಡಿ.

ಹಂತ 1: ಕಾರಣ ಹುಲ್ಲೇ ಎಂದು ಖಚಿತಪಡಿಸಿಕೊಳ್ಳಿ

ಎರಡರಿಂದ ಮೂರು ವಾರಗಳ ಕಾಲ ಪ್ರತಿದಿನ ನಾಲ್ಕು ವಿಷಯಗಳನ್ನು ಬರೆದಿಡಿ: ಮಗು ಎಲ್ಲಿ ಆಡಿತು, ಹವೆ ಹೇಗಿತ್ತು (ಒಣಗಾಳಿಯೋ, ಮಳೆಯೋ), ಯಾವ ಹೊತ್ತಿನಲ್ಲಿ ಯಾವ ಲಕ್ಷಣ ಕಾಣಿಸಿತು, ಎಷ್ಟು ಹೊತ್ತು ಉಳಿಯಿತು. ಒಣಗಿದ, ಗಾಳಿಯಿರುವ ದಿನಗಳಲ್ಲಿ ಹೆಚ್ಚಾಗಿ, ಒಂದೆರಡು ಹದ ಮಳೆಯಾದ ಮೇಲೆ ತಗ್ಗಿ, ವರ್ಷದ ಅದೇ ಕಾಲದಲ್ಲಿ ಮರಳುವ ತೊಂದರೆ ಪರಾಗದ್ದಾಗಿರುವ ಸಂಭವ ಹೆಚ್ಚು. ವರ್ಷವಿಡೀ ಇದ್ದು ಬೆಳಗ್ಗೆ ಎದ್ದೊಡನೆ ಜೋರಾಗಿರುವ ಸೀನಿನ ಹಿಂದೆ ಹಾಸಿಗೆಯ ಧೂಳುಹುಳು, ಬೂಷ್ಟು ಅಥವಾ ಸಾಕುಪ್ರಾಣಿ ಇರಬಹುದು.

ನೆಗಡಿಯಿಂದ ಇದನ್ನು ಬೇರ್ಪಡಿಸುವುದು ಕಷ್ಟವಲ್ಲ. ನೆಗಡಿಯು ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ಇಳಿಯುತ್ತದೆ, ಜೊತೆಗೆ ಮೈಬಿಸಿ, ಗಂಟಲುನೋವು ಇರಬಹುದು, ಸಿಂಬಳ ಗಟ್ಟಿಯಾಗುತ್ತ ಹೋಗುತ್ತದೆ. ಅಲರ್ಜಿಯಲ್ಲಿ ಸಿಂಬಳ ನೀರಿನಂತೆ ತಿಳಿಯಾಗಿಯೇ ಇರುತ್ತದೆ, ತುರಿಕೆ ಎದ್ದು ಕಾಣುತ್ತದೆ, ವಾರಗಟ್ಟಲೆ ಎಳೆಯುತ್ತದೆ. ಅಂಗೈಯಿಂದ ಮೂಗನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಉಜ್ಜುವ ಮಗುವಿನ ಮೂಗಿನ ಮೇಲೆ ಕ್ರಮೇಣ ಒಂದು ಅಡ್ಡಗೆರೆ ಮೂಡುತ್ತದೆ. ಕಣ್ಣಿನ ಕೆಳಗೆ ಕಪ್ಪು ಛಾಯೆ ಕಾಣಿಸಿಕೊಳ್ಳುತ್ತದೆ. ಮೂಗು ಕಟ್ಟಿರುವುದರಿಂದ ರಾತ್ರಿ ಬಾಯಿಯಲ್ಲಿ ಉಸಿರಾಡುತ್ತದೆ.

ಇಲ್ಲಿ ಎರಡು ಎಡವುಗಳಿವೆ. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸ್ರಾವ ಬರುತ್ತಿದ್ದರೆ ಅದು ಅಲರ್ಜಿಯಲ್ಲ, ಮಗು ಮಣಿಯನ್ನೋ ಕಾಳನ್ನೋ ಮೂಗಿಗೆ ತುರುಕಿಕೊಂಡಿರಬಹುದು. ತೊಳೆಯಲು ಹೋಗದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಇನ್ನೊಂದು ವಯಸ್ಸಿನದು. ಪರಾಗದ ಅಲರ್ಜಿ ರೂಪುಗೊಳ್ಳಲು ಮಗು ಕೆಲವು ಹೂಬಿಡುವ ಋತುಗಳನ್ನಾದರೂ ಕಂಡಿರಬೇಕು, ಆದ್ದರಿಂದ ಎರಡು ವರ್ಷದೊಳಗಿನ ಮಗುವಿನಲ್ಲಿ ಇದು ಅಪರೂಪ. ಅಷ್ಟು ಎಳೆಯ ಮಗುವಿನ ಮೂಗು ಸದಾ ಸೋರುತ್ತಿದ್ದರೆ ಹುಲ್ಲನ್ನು ದೂರುವ ಮೊದಲು ಬೇರೆ ಕಾರಣಗಳನ್ನು ಹುಡುಕಬೇಕು.

ಕಾಲು, ಮೊಣಕೈಗಳಲ್ಲಿ ಮಾತ್ರ ದದ್ದು ಎದ್ದು, ಸೀನು ಇಲ್ಲವೇ ಇಲ್ಲ ಎಂದಾದರೆ ಅದು ಹುಲ್ಲಿನ ಗರಗಸದಂಥ ಅಂಚು ಗೀಚಿದ್ದರಿಂದಲೋ, ಹುಲ್ಲಿಗೆ ಸಿಂಪಡಿಸಿದ ರಾಸಾಯನಿಕದಿಂದಲೋ ಆಗಿರಬಹುದು. ಇದಕ್ಕೆ ಮೂರನೆಯ ಮತ್ತು ಐದನೆಯ ಹಂತಗಳು ಸಾಕು.

ಹಂತ 2: ಪರಾಗದ ಹೊತ್ತನ್ನು ತಪ್ಪಿಸಿ

ಮಗುವನ್ನು ಮನೆಯೊಳಗೆ ಕೂಡಿಹಾಕಿ ಎಂದು ನಾನು ಹೇಳುತ್ತಿಲ್ಲ. ಹೊರಗಿನ ಆಟವನ್ನು ಕಸಿದುಕೊಳ್ಳುವ ಯಾವ ಉಪಾಯವೂ ಬಹುದಿನ ನಡೆಯುವುದಿಲ್ಲ, ನಡೆಯಲೂಬಾರದು. ಬದಲಾಯಿಸಬೇಕಾದದ್ದು ಹೊತ್ತು ಮತ್ತು ಜಾಗ. ಅನೇಕ ಹುಲ್ಲುಗಳು ಬೆಳಗಿನ ಇಬ್ಬನಿ ಆರುತ್ತಿದ್ದಂತೆ ಪರಾಗ ಬಿಡುತ್ತವೆ. ಗಾಳಿಯಲ್ಲಿ ಮೇಲೇರಿದ ಪರಾಗ ಸಂಜೆ ಹವೆ ತಂಪಾಗುತ್ತಿದ್ದಂತೆ ಕೆಳಗಿಳಿಯುತ್ತದೆ. ಆದರೂ ಊರಿಂದೂರಿಗೆ, ಹುಲ್ಲಿಂದ ಹುಲ್ಲಿಗೆ ಈ ಹೊತ್ತು ಬೇರೆಯಾಗುವುದರಿಂದ ನೀವು ಬರೆದಿಟ್ಟ ದಿನಚರಿಯನ್ನೇ ಮೊದಲು ನಂಬಿ. ಪರಾಗದ ಪ್ರಮಾಣವನ್ನು ದಿನನಿತ್ಯ ಪ್ರಕಟಿಸುವ ವ್ಯವಸ್ಥೆ ನೀವಿರುವಲ್ಲಿ ಇದ್ದರೆ ಅದನ್ನೂ ನೋಡಿಕೊಳ್ಳಿ.

ಹುಲ್ಲು ಕತ್ತರಿಸುವಾಗ ಮಗು ಹತ್ತಿರವಿರಬಾರದು, ಕತ್ತರಿಸಿದ ರಾಶಿಯಲ್ಲಿ ಹೊರಳಾಡಲಂತೂ ಬಿಡಬಾರದು. ನಿಮ್ಮದೇ ಅಂಗಳವಿದ್ದರೆ ತೆನೆ ಹೊರಡುವ ಮುನ್ನವೇ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿಡಿ. ಹೂ ಬಿಡದ ಹುಲ್ಲು ಪರಾಗ ಬಿಡಲಾರದು. ಗರಿಕೆಯಂಥ ಕೆಲವು ಹುಲ್ಲುಗಳು ನೆಲಕ್ಕಂಟಿಕೊಂಡೇ ಹೂ ಬಿಡುತ್ತವೆ ಎಂಬುದೂ ಗಮನದಲ್ಲಿರಲಿ. ಗರಿಕೆಯ ಪರಾಗದ ಮುಖ್ಯ ಪ್ರೋಟೀನುಗಳು ಟಿಮೊಥಿ, ರೈ ಮೊದಲಾದ ತಂಪು ಹವೆಯ ಹುಲ್ಲುಗಳ ಪ್ರೋಟೀನುಗಳಿಗಿಂತ ಭಿನ್ನವಾಗಿವೆ. ಒಂದು ಊರಿನಲ್ಲಿ ನರಳಿದ ಮಗು ಇನ್ನೊಂದು ಹವಾಮಾನದ ಊರಿಗೆ ಹೋದಾಗ ಆರಾಮವಾಗಿರುವುದಕ್ಕೆ ಇದೂ ಒಂದು ಕಾರಣವಾಗಬಹುದು.

ಹೊರಗೆ ಹೊರಡುವ ಮುನ್ನ ಹೊಳ್ಳೆಗಳ ಅಂಚಿಗೆ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿ. ಗಾಳಿಯಲ್ಲಿನ ಪರಾಗದ ಒಂದು ಪಾಲು ಅಲ್ಲಿಯೇ ಅಂಟಿಕೊಳ್ಳುತ್ತದೆ. ಅಂಚಿಗೆ ಮಾತ್ರ, ಬೆರಳಿನಿಂದ ಒಳಕ್ಕೆ ತುಂಬಬೇಡಿ, ಎಣ್ಣೆಯನ್ನು ಮೂಗಿಗೆ ಹನಿಸಲೂಬೇಡಿ. ಮೂಗಿನಿಂದ ಜಾರಿದ ಎಣ್ಣೆಯು ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಉಂಟಾಗುತ್ತದೆ, ಎಳೆಯ ಮಕ್ಕಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಟೋಪಿ, ಕನ್ನಡಕ, ಉದ್ದ ಕಾಲಿನ ಉಡುಪು ಹಾಕಿ. ಹುಲ್ಲಿನ ಮೇಲೆ ಕೂರುವುದಿದ್ದರೆ ದಪ್ಪ ಹಾಸು ಹಾಸಿ, ಮರಳುವಾಗ ಅದನ್ನು ಮನೆಯೊಳಗೆ ಕೊಡವಬೇಡಿ. ವಾಹನದಲ್ಲಿ ಹೋಗುವಾಗ ಕಿಟಕಿ ಮುಚ್ಚಿರಲಿ.

ಸಿಡಿಲು ಮಳೆಯ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಮಳೆ ಪರಾಗವನ್ನು ತೊಳೆದುಬಿಡುತ್ತದೆ ಎಂಬುದು ಸಾಮಾನ್ಯವಾಗಿ ನಿಜವಾದರೂ, ಪರಾಗ ತುಂಬಿದ ಋತುವಿನಲ್ಲಿ ಗುಡುಗುಸಹಿತ ಬಿರುಗಾಳಿ ಬರುವಾಗ ಕಣಗಳು ತೇವ ಹೀರಿ ಒಡೆದು, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲಷ್ಟು ಸಣ್ಣ ಚೂರುಗಳಾಗುತ್ತವೆ. 2016ರ ನವೆಂಬರ್ 21ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹೀಗೆ ರೈ ಹುಲ್ಲಿನ ಪರಾಗದಿಂದ ಒಂದೇ ಸಂಜೆ ಸಾವಿರಾರು ಮಂದಿಗೆ ಉಸಿರಾಟದ ತೊಂದರೆಯಾಗಿ, ಹತ್ತು ಮಂದಿ ಪ್ರಾಣ ಕಳೆದುಕೊಂಡರು. ಆ ಋತುವಿನಲ್ಲಿ ಗುಡುಗು ಕೇಳಿಸಿದರೆ ಗಾಳಿ ಬೀಸುವ ಮೊದಲೇ ಮಗುವನ್ನು ಒಳಗೆ ಕರೆದು ಕಿಟಕಿಗಳನ್ನು ಮುಚ್ಚಿ.

ಹಂತ 3: ಒಳಗೆ ಬಂದೊಡನೆ ಬಟ್ಟೆ, ಕೂದಲು, ಕೈ

ಹೊರಗಿನಿಂದ ಬಂದ ಮಗು ನೇರ ಹಾಸಿಗೆಗೋ ಸೋಫಾಕ್ಕೋ ಹೋಗದಿರಲಿ. ಬಾಗಿಲಲ್ಲಿಯೇ ಪಾದರಕ್ಷೆ ಬಿಡಿಸಿ, ಬಟ್ಟೆ ಬದಲಾಯಿಸಿ, ಕೈ ಮುಖ ತೊಳೆಸಿ. ಆಟದ ದಿನಗಳಲ್ಲಿ ಮಲಗುವ ಮುನ್ನ ತಲೆಗೂ ನೀರು ಹಾಕುವುದು ಒಳ್ಳೆಯದು, ಏಕೆಂದರೆ ಕೂದಲಿನಲ್ಲಿ ಕೂತ ಪರಾಗ ದಿಂಬಿಗಿಳಿದು ರಾತ್ರಿಯಿಡೀ ಮೂಗಿನ ಬಳಿಯೇ ಇರುತ್ತದೆ. ತಲೆ ತೊಳೆಯಲು ಸಾಧ್ಯವಾಗದಿದ್ದರೆ ಒದ್ದೆ ಬಟ್ಟೆಯಿಂದ ಕೂದಲನ್ನು ಒರೆಸಿ.

ಹೊದಿಕೆ, ದಿಂಬಿನ ಕವಚ, ಟವೆಲುಗಳನ್ನು ಪರಾಗದ ಋತುವಿನಲ್ಲಿ ಬಯಲಿನಲ್ಲಿ ಒಣಹಾಕಬೇಡಿ. ಶುಭ್ರವಾಗಿ ಒಗೆದ ಬಟ್ಟೆಯನ್ನು ಪರಾಗದಲ್ಲಿ ಅದ್ದಿ ತಂದಂತಾಗುತ್ತದೆ. ಈ ಒಂದು ಅಂಶವನ್ನು ಮರೆತು, ಉಳಿದದ್ದೆಲ್ಲ ಮಾಡಿಯೂ ರಾತ್ರಿ ಸೀನು ನಿಲ್ಲುತ್ತಿಲ್ಲವೆನ್ನುವ ಮನೆಗಳು ಬಹಳ. ನಾಯಿ, ಬೆಕ್ಕು ಹೊರಗೆ ತಿರುಗಿ ಬರುವುದಿದ್ದರೆ ಅದರ ತುಪ್ಪಳವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಳಗೆ ಬಿಡಿ. ಮಗುವಿನ ಕೋಣೆಗೆ ಬಿಡಬೇಡಿ. ನೆಲವನ್ನು ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಗಾಳಿ ಶುದ್ಧೀಕರಿಸುವ ಯಂತ್ರ ಕೊಳ್ಳುವುದಾದರೆ ಹೆಪಾ ಎಂಬ ಗುರುತಿರುವ ಸೋಸಕವನ್ನೇ ಕೇಳಿ. ಪರಾಗಕ್ಕಿಂತ ಬಹಳ ಸಣ್ಣ, 0.3 ಮೈಕ್ರೋಮೀಟರಿನ ಕಣಗಳನ್ನೂ ಅದು ಶೇ. 99.97ರಷ್ಟು ಹಿಡಿಯುತ್ತದೆ. ಓಜೋನ್ ಉತ್ಪಾದಿಸುವ ಯಂತ್ರಗಳು ಬೇಡ, ಓಜೋನ್ ಶ್ವಾಸನಾಳವನ್ನು ಕೆರಳಿಸುತ್ತದೆ.

ಹಂತ 4: ಮೂಗನ್ನು ಉಪ್ಪುನೀರಿನಿಂದ ತೊಳೆಯಿರಿ

ನೈಸರ್ಗಿಕ ಉಪಾಯಗಳಲ್ಲಿ ನಿಜಕ್ಕೂ ಆಧಾರವಿರುವುದು ಯಾವುದೆಂದು ಕೇಳಿದರೆ ನನ್ನ ಉತ್ತರ ಇದೇ. 2018ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯು (ಒಂದೇ ವಿಷಯದ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಾಗಿ ತೂಗಿ ನೋಡುವ ವರದಿ) ಅಲರ್ಜಿಯ ಮೂಗಿಗೆ ಉಪ್ಪುನೀರಿನ ತೊಳೆತವು ದೊಡ್ಡವರಲ್ಲಿಯೂ ಮಕ್ಕಳಲ್ಲಿಯೂ ತೊಂದರೆಯನ್ನು ತಗ್ಗಿಸಬಹುದೆಂದು ಹೇಳಿತು, ಲಭ್ಯ ಪುರಾವೆ ಅಷ್ಟೇನೂ ಗಟ್ಟಿಯಲ್ಲ ಎಂಬ ಎಚ್ಚರಿಕೆಯೊಡನೆ. ಪರಾಗವನ್ನೂ ಹಿಸ್ಟಮಿನ್ ತುಂಬಿದ ಲೋಳೆಯನ್ನೂ ನೀರು ಕೊಚ್ಚಿಕೊಂಡು ಹೋಗುತ್ತದೆ. ಇದರಲ್ಲಿ ಔಷಧದ ಗುಣವೇನೂ ಇಲ್ಲ.

ನೀರು. ನಲ್ಲಿಯ ನೀರನ್ನು ಹಾಗೆಯೇ ಬಳಸಲೇಬಾರದು. ಕುಡಿದರೆ ಏನೂ ಮಾಡದ ಕೆಲವು ಸೂಕ್ಷ್ಮಜೀವಿಗಳು ಮೂಗಿನ ಮೂಲಕ ಒಳಹೊಕ್ಕರೆ ಮಾರಕವಾಗುತ್ತವೆ. ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಹೀಗೆ ಮಿದುಳಿಗೆ ತಲುಪಿದರೆ ಬದುಕುಳಿಯುವವರು ವಿರಳ. ನೀರು ಕುದಿದು ಗುಳ್ಳೆ ಉಕ್ಕಲಾರಂಭಿಸಿದ ಮೇಲೆ ಕನಿಷ್ಠ 1 ನಿಮಿಷ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರಿಗಿಂತ ಎತ್ತರದ ಊರಾದರೆ 3 ನಿಮಿಷ ಕುದಿಸಿ, ಮುಚ್ಚಿಟ್ಟು ಉಗುರುಬೆಚ್ಚಗೆ ಆರಿಸಿ. ಬಟ್ಟಿ ಇಳಿಸಿದ ನೀರಾದರೂ ಆಗುತ್ತದೆ. ಮನೆಯ ಸಾಮಾನ್ಯ ನೀರು ಸೋಸುವ ಯಂತ್ರದ ಮೇಲೆ ಭರವಸೆಯಿಟ್ಟು ಕುದಿಸುವುದನ್ನು ಬಿಡಬೇಡಿ.

ಉಪ್ಪು. 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು. ತಕ್ಕಡಿ ಇಲ್ಲದಿದ್ದರೆ 5 ಮಿಲಿಲೀಟರಿನ ಅಳತೆ ಚಮಚದಲ್ಲಿ ನುಣ್ಣನೆಯ ಉಪ್ಪನ್ನು ಮಟ್ಟಮಾಡಿ ಒಂದೂವರೆ ಚಮಚ ಹಾಕಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಉರಿಯುತ್ತದೆ ಎಂದು ಮಗು ಹೇಳಿದರೆ ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿ. ಉಪ್ಪಿಲ್ಲದ ಬರಿ ನೀರು ಮೂಗಿನೊಳಗೆ ಚುಚ್ಚಿದಂತೆ ನೋಯಿಸುತ್ತದೆ, ಉಪ್ಪು ಹೆಚ್ಚಾದರೂ ಹಾಗೆಯೇ. ಕಣ್ಣಳತೆಗೆ ಹಾಕಿ ಮೊದಲ ದಿನವೇ ಮಗುವನ್ನು ಹೆದರಿಸಿಬಿಟ್ಟರೆ ಮತ್ತೆ ಅದು ಬಚ್ಚಲಮನೆಯತ್ತ ಸುಳಿಯುವುದಿಲ್ಲ. ಮಿಶ್ರಣವನ್ನು ಅಂದಂದೇ ಮಾಡಿ, ಉಳಿದದ್ದನ್ನು ಚೆಲ್ಲಿ.

ವಿಧಾನ. ಸುಮಾರು 5 ವರ್ಷದೊಳಗಿನ ಮಕ್ಕಳಿಗೆ ಸುರಿದು ತೊಳೆಯುವ ವಿಧಾನ ಬೇಡ. ಅಂಗಡಿಯಲ್ಲಿ ಸಿಗುವ ಸಲೈನ್ ಹನಿಗಳನ್ನು ಒಂದೊಂದು ಹೊಳ್ಳೆಗೆ ಎರಡು ಮೂರು ಹಾಕಿ, ಅಥವಾ ಸಲೈನ್ ಸ್ಪ್ರೇ ಬಳಸಿ, ಬಳಿಕ ಮೆಲ್ಲಗೆ ಒರೆಸಿದರೆ ಸಾಕು. ಅದಕ್ಕಿಂತ ದೊಡ್ಡ ಮಗುವನ್ನು ಬೇಸಿನ್ನಿನ ಮೇಲೆ ಮುಂದಕ್ಕೆ ಬಾಗಿಸಿ ನಿಲ್ಲಿಸಿ, ತಲೆಯನ್ನು ಸ್ವಲ್ಪ ಒಂದು ಪಕ್ಕಕ್ಕೆ ಓರೆಯಾಗಿಸಿ, ಬಾಯಿ ತೆರೆದು “ಆ” ಎಂದು ಎಳೆದು ಹೇಳುತ್ತಿರಲು ತಿಳಿಸಿ. ಹಾಗೆ ಹೇಳುವಾಗ ನೀರು ಗಂಟಲಿಗೆ ಜಾರುವುದು ಕಡಿಮೆ. ಮೇಲಿನ ಹೊಳ್ಳೆಗೆ ಸಿರಿಂಜಿನಿಂದ ಅಥವಾ ಬಾಟಲಿಯಿಂದ ನಿಧಾನವಾಗಿ 10ರಿಂದ 20 ಮಿಲಿಲೀಟರ್ ಬಿಡಿ. ಅದು ಇನ್ನೊಂದು ಹೊಳ್ಳೆಯಿಂದ ಹೊರಬರುತ್ತದೆ. ನಂತರ ಪಕ್ಕ ಬದಲಿಸಿ. ಕೊನೆಯಲ್ಲಿ ಎರಡೂ ಹೊಳ್ಳೆ ತೆರೆದಿಟ್ಟುಕೊಂಡೇ ಮೆಲ್ಲಗೆ ಸೀಟಲು ಹೇಳಿ. ಒಂದನ್ನು ಒತ್ತಿಹಿಡಿದು ಜೋರಾಗಿ ಸೀಟಿದರೆ ನೀರು ಕಿವಿಯತ್ತ ಹೋಗಿ ನೋವು ತರುತ್ತದೆ.

ದಿನಕ್ಕೆ ಒಂದು ಬಾರಿ, ಹೊರಗಿನಿಂದ ಬಂದ ಮೇಲೆ ಮಾಡಿದರೆ ಹೆಚ್ಚು ಉಪಯೋಗ. ಮಲಗುವ ಕ್ಷಣದಲ್ಲಿ ಮಾಡಬೇಡಿ, ಒಳಗುಳಿದ ನೀರು ಗಂಟಲಿಗಿಳಿದು ಕೆಮ್ಮು ಬರಿಸುತ್ತದೆ. ಕಿವಿನೋವಿದ್ದಾಗ, ಕಿವಿಗೆ ಅಥವಾ ಮೂಗಿಗೆ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದಾಗ, ಮೂಗು ಎರಡೂ ಕಡೆ ಪೂರ್ತಿ ಕಟ್ಟಿಕೊಂಡಿರುವಾಗ ಈ ವಿಧಾನ ಬೇಡ. ಮಗು ಅಳುತ್ತಿರುವಾಗ ಹಿಡಿದು ಮಲಗಿಸಿ ಸುರಿಯುವುದಂತೂ ಎಂದಿಗೂ ಕೂಡದು. ಜಲನೇತಿ ಅಭ್ಯಾಸವಿರುವ ಹಿರಿಯರು ಮನೆಯಲ್ಲಿದ್ದರೆ ಅವರ ಪಾತ್ರೆಯನ್ನೇ ಮಗುವಿಗೂ ಬಳಸಬೇಡಿ. ಮಗುವಿಗೆ ಬೇರೆ ಬಾಟಲಿ ಇರಲಿ, ಪ್ರತಿ ಬಾರಿಯೂ ಅದನ್ನು ಕುದಿಸಿದ ನೀರಿನಿಂದ ತೊಳೆದು, ಬಾಯಿ ತೆರೆದು ಪೂರ್ತಿ ಒಣಗಿಸಿ.

ಹಂತ 5: ಕಣ್ಣು ಮತ್ತು ಚರ್ಮಕ್ಕೆ ತಂಪು

ಕಣ್ಣು ತುರಿಸುತ್ತಿದ್ದರೆ ಶುದ್ಧ ಹತ್ತಿಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಗಳ ಮೇಲೆ ಐದರಿಂದ ಹತ್ತು ನಿಮಿಷ ಇಡಿ. ತಂಪು ರಕ್ತನಾಳಗಳನ್ನು ಕುಗ್ಗಿಸಿ ಊತ ಇಳಿಸುತ್ತದೆ. ಸಂರಕ್ಷಕ ಬೆರೆಸದ ಕೃತಕ ಕಣ್ಣೀರಿನ ಹನಿಗಳು, ಅಂದರೆ ಕಣ್ಣನ್ನು ತೇವವಾಗಿಡುವ ಔಷಧರಹಿತ ದ್ರವ, ಪರಾಗವನ್ನು ತೊಳೆಯಲು ಸುರಕ್ಷಿತ. ಕಣ್ಣುಜ್ಜುವ ಅಭ್ಯಾಸವನ್ನು ಮಾತ್ರ ಲಘುವಾಗಿ ನೋಡಬೇಡಿ. ವರ್ಷಗಟ್ಟಲೆ ಬಲವಾಗಿ ಉಜ್ಜುವುದಕ್ಕೂ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಎಂಬ ತೊಂದರೆಗೂ ಸಂಬಂಧವಿದೆ. ಜೇನು, ಎದೆಹಾಲು, ಸೊಪ್ಪಿನ ರಸ, ಪನ್ನೀರು ಯಾವುದನ್ನೂ ಕಣ್ಣಿಗೆ ಬಿಡಬೇಡಿ, ಅವು ಸೋಂಕು ತರುತ್ತವೆ.

ಚರ್ಮದ ಮೇಲೆ ಗಂಧೆಗಳು ಎದ್ದರೆ ಮೊದಲು ಬರಿ ನೀರಿನಿಂದ ತೊಳೆಯಿರಿ, ಒತ್ತಿ ಒರೆಸಿ, ತಂಪು ಬಟ್ಟೆ ಹಾಕಿ, ಸುವಾಸನೆಯಿಲ್ಲದ ಸಾಧಾರಣ ತೇವಕಾರಕವನ್ನು ಸವರಿ. ಮಗುವಿನ ಉಗುರುಗಳು ಗಿಡ್ಡವಾಗಿರಲಿ.

ಹಂತ 6: ಬಾಯಿಗೆ ಅಥವಾ ಉಸಿರಿಗೆ ಏನನ್ನಾದರೂ ಕೊಡುವ ಮುನ್ನ

ಓದುಗರ ಪ್ರಶ್ನೆಗಳಲ್ಲಿ ಮುಕ್ಕಾಲುಪಾಲು ಈ ಹಂತಕ್ಕೆ ಸೇರಿದವು.

ಜೇನುತುಪ್ಪದಿಂದ ಆರಂಭಿಸೋಣ. ಅದೇ ಊರಿನ ಜೇನು ತಿಂದರೆ ಅದರಲ್ಲಿರುವ ಪರಾಗಕ್ಕೆ ದೇಹ ಒಗ್ಗಿಹೋಗುತ್ತದೆ ಎಂಬ ತರ್ಕ ಕೇಳಲು ಸೊಗಸಾಗಿದೆ. ಆದರೆ ಜೇನ್ನೊಣ ತರುವುದು ಮುಖ್ಯವಾಗಿ ಹೂವಿನ ಜಿಗುಟು ಪರಾಗವನ್ನು. ಮಗುವನ್ನು ಕಾಡುವುದು ಗಾಳಿಯಲ್ಲಿ ತೇಲುವ ಹುಲ್ಲಿನ ಪರಾಗ. ಜೇನು ಅಲರ್ಜಿಯನ್ನು ಗುಣಪಡಿಸುತ್ತದೆ ಎಂಬುದಕ್ಕೆ ನಂಬಲರ್ಹ ಪುರಾವೆಯಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನನ್ನು ನೆಕ್ಕಿಸಲೂಬಾರದು: ಅದರಲ್ಲಿರಬಹುದಾದ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ಸ್ನಾಯುಗಳನ್ನು ನಿಶ್ಚಲಗೊಳಿಸುವ ವಿಷ ಬಿಡುತ್ತವೆ. ಜೇನ್ನೊಣ ಸಂಗ್ರಹಿಸಿದ ಪರಾಗದ ಉಂಡೆಗಳನ್ನು ಪೌಷ್ಟಿಕವೆಂದು ಮಾರುತ್ತಾರಲ್ಲ, ಅವಂತೂ ಪರಾಗದ ಅಲರ್ಜಿಯಿರುವವರಲ್ಲಿ ಪ್ರಾಣಾಪಾಯದ ಪ್ರತಿಕ್ರಿಯೆ ಉಂಟುಮಾಡಿದ ಉದಾಹರಣೆಗಳಿವೆ.

ಅರಿಸಿನ ಹಾಕಿದ ಹಾಲನ್ನು ಆಹಾರವೆಂದು ಕೊಡಿ, ಚಿಕಿತ್ಸೆಯೆಂದಲ್ಲ. ಅರಿಸಿನದ ಕರ್ಕ್ಯುಮಿನ್ ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಬಹಳ ಮಾಡುತ್ತದೆ, ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಈರುಳ್ಳಿ, ಸೇಬುಗಳಲ್ಲಿರುವ ಕ್ವೆರ್ಸೆಟಿನ್ ಎಂಬ ಅಂಶದ ಕತೆಯೂ ಸುಮಾರಾಗಿ ಇದೇ. ಹಣ್ಣು ತರಕಾರಿ ತಿನ್ನಿಸಿ, ಅದರ ಗುಳಿಗೆಗಳನ್ನು ಮಗುವಿಗೆ ಕೊಡಬೇಡಿ. ಸೇಬಿನ ವಿನೆಗರ್ ಹಲ್ಲಿನ ಹೊರಪದರವನ್ನು ಕರಗಿಸುತ್ತದೆ, ಗಂಟಲನ್ನು ಸುಡುತ್ತದೆ, ಸೀನನ್ನು ನಿಲ್ಲಿಸುವುದಿಲ್ಲ. ಹಾಲು ಕುಡಿದರೆ ಕಫ ಹೆಚ್ಚುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲದ ಕಾರಣ ಹಾಲನ್ನು ನಿಲ್ಲಿಸಬೇಕಾಗಿಲ್ಲ.

ಗೋಧಿಹುಲ್ಲಿನ ರಸವನ್ನು ಸರ್ವರೋಗಕ್ಕೂ ಮದ್ದೆಂದು ಕುಡಿಸುವವರು ಒಂದು ಕ್ಷಣ ನಿಲ್ಲಬೇಕು. ಅದು ಹಸಿ ಹುಲ್ಲೇ. ಇದಕ್ಕೆ ತಿರುವಾಗಿ, ಗೋಧಿ, ಅಕ್ಕಿ, ಜೋಳ ಎಲ್ಲವೂ ಹುಲ್ಲಿನ ಕುಟುಂಬದವೇ ಆದ್ದರಿಂದ ಊಟದಿಂದಲೇ ತೆಗೆಯಬೇಕೇ ಎಂದು ಕೇಳುವವರೂ ಇದ್ದಾರೆ. ಬೇಡ. ಕಾಳಿನ ಪ್ರೋಟೀನು ಬೇರೆ, ಪರಾಗದ್ದು ಬೇರೆ. ಹುಲ್ಲಿನ ಅಲರ್ಜಿಯಿರುವ ಮಗುವಿನ ರಕ್ತಪರೀಕ್ಷೆಯಲ್ಲಿ ಗೋಧಿಗೂ ಸಣ್ಣ ಪ್ರಮಾಣದ ಐಜಿಇ ಕಾಣಿಸಿಕೊಳ್ಳುವುದುಂಟು. ಚಪಾತಿ ತಿಂದು ಏನೂ ಆಗದ ಮಗುವಿಗೆ ಆ ಅಂಕಿಯನ್ನು ನೋಡಿ ಗೋಧಿ ಬಿಡಿಸುವುದು ಸರಿಯಲ್ಲ. ಕೆಲವು ಮಕ್ಕಳಿಗೆ ಕರಬೂಜ, ಕಲ್ಲಂಗಡಿ, ಕಿತ್ತಳೆ, ಹಸಿ ಟೊಮೆಟೊ ತಿಂದಾಗ ಬಾಯಿ, ತುಟಿ ತುರಿಸುತ್ತವೆ, ಏಕೆಂದರೆ ಅವುಗಳ ಕೆಲವು ಪ್ರೋಟೀನುಗಳು ಪರಾಗದವನ್ನು ಹೋಲುತ್ತವೆ. ಅಂಥ ಹಣ್ಣನ್ನು ಆ ಋತುವಿನಲ್ಲಿ ಬಿಡಿ. ಬೇಯಿಸಿದ ಟೊಮೆಟೊ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ. ತುರಿಕೆ ಬಾಯಿಯನ್ನು ದಾಟಿ ಊತವೋ ವಾಂತಿಯೋ ಆದರೆ ವೈದ್ಯರಿಗೆ ತೋರಿಸಿ.

ಮೂಲಿಕೆಗಳ ವಿಷಯದಲ್ಲಿ ನೈಸರ್ಗಿಕ ಎಂಬ ಒಂದೇ ಮಾತಿಗೆ ಮರುಳಾಗದಿರಿ. ಬಟರ್‌ಬರ್ ಎಂಬ ಗಿಡದ ಗುಳಿಗೆಗಳು ದೊಡ್ಡವರ ಪ್ರಯೋಗಗಳಲ್ಲಿ ಸ್ವಲ್ಪ ಫಲ ತೋರಿದ್ದು ನಿಜ, ಆದರೆ ಆ ಗಿಡದಲ್ಲಿ ಯಕೃತ್ತನ್ನು ಹಾಳುಮಾಡುವ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳಿವೆ. ಮಕ್ಕಳಿಗೆ ಅದು ಕೂಡದು. ಕ್ಯಾಮೊಮೈಲ್, ಎಕಿನೇಸಿಯಾಗಳು ಸೇವಂತಿಗೆ ಕುಟುಂಬದವಾಗಿರುವುದರಿಂದ ಪರಾಗದ ಅಲರ್ಜಿಯಿರುವ ಕೆಲವರಲ್ಲಿ ತೊಂದರೆಯನ್ನು ಹೆಚ್ಚಿಸುತ್ತವೆ. ಏನೇನು ಸೇರಿದೆ ಎಂದು ಬರೆಯದ ಪುಡಿ, ಲೇಹ್ಯಗಳಲ್ಲಿ ಸೀಸ, ಪಾದರಸ ಅಥವಾ ಸ್ಟಿರಾಯ್ಡ್ ಪತ್ತೆಯಾದ ಪ್ರಕರಣಗಳಿವೆ. ಕೊಟ್ಟ ದಿನವೇ ಪವಾಡದಂತೆ ಗುಣವಾಯಿತು ಎಂದರೆ ಸಂತೋಷಕ್ಕಿಂತ ಸಂಶಯಪಡಬೇಕು.

ಹಬೆ ಹಿಡಿಸುವುದು ಬಹುಮಂದಿಯ ಮೊದಲ ಆಯ್ಕೆ. ಅಲರ್ಜಿಗೆ ಅದರಿಂದಾಗುವ ಲಾಭ ಕ್ಷಣಿಕ, ಆದರೆ ಕುದಿನೀರಿನ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುವುದು ಆಸ್ಪತ್ರೆಗಳಿಗೆ ಚೆನ್ನಾಗಿ ಪರಿಚಿತವಾದ ಅವಘಡ. ಆ ನೀರಿಗೆ ಕರ್ಪೂರ, ನೀಲಗಿರಿ ಎಣ್ಣೆ ಹಾಕುವುದು ಇನ್ನೂ ಅಪಾಯ. ಕರ್ಪೂರ ಅಲ್ಪ ಪ್ರಮಾಣದಲ್ಲಿ ನುಂಗಿದರೂ ಮಗುವಿಗೆ ಸೆಳವು ಬರಬಹುದು, ನೀಲಗಿರಿ ಎಣ್ಣೆಯೂ ನುಂಗಿದರೆ ವಿಷ. ಕರ್ಪೂರ, ಮೆಂಥಾಲ್ ಇರುವ ಮುಲಾಮುಗಳನ್ನು ಎರಡು ವರ್ಷದೊಳಗಿನವರಿಗೆ ಹಚ್ಚಲೇಬಾರದು, ಯಾವ ವಯಸ್ಸಿನಲ್ಲಿಯೂ ಮೂಗಿನೊಳಗೆ ಸವರಬಾರದು. ಅಗರಬತ್ತಿ, ಧೂಪ, ತಂಬಾಕಿನ ಹೊಗೆ ಮೂಗಿನ ಉರಿಯನ್ನು ಹೆಚ್ಚಿಸುತ್ತವೆ.

ಕೊನೆಯದಾಗಿ, ಹುಲ್ಲಿನಲ್ಲಿಯೇ ಬಿಟ್ಟರೆ ಮಗು ತಾನಾಗಿ ಗಟ್ಟಿಯಾಗುತ್ತದೆ ಎಂಬ ಸಲಹೆ. ಅಳತೆಯಿಲ್ಲದೆ ಪರಾಗಕ್ಕೆ ಒಡ್ಡುವುದರಿಂದ ಮೂಗಿನ ಪೊರೆ ದಿನೇ ದಿನೇ ಹೆಚ್ಚು ಸೂಕ್ಷ್ಮವಾಗುತ್ತದೆ. ಋತುವಿನ ಆರಂಭಕ್ಕಿಂತ ಕೊನೆಯಲ್ಲಿ ಸ್ವಲ್ಪವೇ ಪರಾಗಕ್ಕೂ ಜೋರು ಸೀನು ಬರುವುದು ಇದರಿಂದಲೇ.

ಹಂತ 7: ಮನೆಯ ಆರೈಕೆ ಎಲ್ಲಿಗೆ ನಿಲ್ಲಬೇಕು

ತಕ್ಷಣ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕಾದ ಲಕ್ಷಣಗಳು: ಉಸಿರು ಎಳೆಯುವಾಗ ಪಕ್ಕೆಲುಬುಗಳ ನಡುವೆ ಅಥವಾ ಗಂಟಲಿನ ಬುಡದಲ್ಲಿ ಚರ್ಮ ಒಳಸೇರುವುದು, ಒಂದು ವಾಕ್ಯವನ್ನು ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ತುಟಿ, ನಾಲಿಗೆ, ಮುಖ ಊದಿಕೊಳ್ಳುವುದು, ಮೈತುಂಬ ಗಂಧೆ ಎದ್ದು ವಾಂತಿ ಅಥವಾ ತಲೆಸುತ್ತು ಬರುವುದು. ಮಗುವಿಗೆ ಅಡ್ರಿನಲಿನ್ ಚುಚ್ಚುಮದ್ದಿನ ಪೆನ್ನನ್ನೋ ಇನ್‌ಹೇಲರನ್ನೋ ವೈದ್ಯರು ಕೊಟ್ಟಿದ್ದರೆ ಅವರು ಹೇಳಿದಂತೆ ಕೂಡಲೇ ಬಳಸಿ, ಆಮೇಲೆ ಹೊರಡಿ. ಉಪ್ಪುನೀರು, ಹಬೆ ಎಂದು ಹೊತ್ತು ಕಳೆಯಬೇಡಿ.

ಅಷ್ಟು ತುರ್ತಲ್ಲದಿದ್ದರೂ ಬೇಗನೆ ತೋರಿಸಬೇಕಾದವು: ರಾತ್ರಿ ಅಥವಾ ಓಡಿದಾಗ ಬರುವ ಕೆಮ್ಮು, ಎದೆಯಲ್ಲಿ ಸಿಳ್ಳೆಯಂಥ ಸದ್ದು, ನಿದ್ದೆಗೆಟ್ಟು ತರಗತಿಯಲ್ಲಿ ತೂಕಡಿಸುವುದು, ಮತ್ತು ಮೇಲಿನ ಹಂತಗಳನ್ನು ಎರಡು ವಾರ ಬಿಡದೆ ಮಾಡಿದರೂ ಹತೋಟಿಗೆ ಬಾರದ ಸೀನು. ಮೂಗಿನ ಅಲರ್ಜಿಯಿರುವ ಮಕ್ಕಳಲ್ಲಿ ಉಬ್ಬಸ ಬರುವ ಸಂಭವ ಇತರರಿಗಿಂತ ಹೆಚ್ಚು, ಆದ್ದರಿಂದ ಎದೆಯ ಲಕ್ಷಣಗಳನ್ನು ಮನೆಯಲ್ಲಿಯೇ ಅಂದಾಜು ಮಾಡುತ್ತ ಕೂರುವುದು ತರವಲ್ಲ. ಉಬ್ಬಸಕ್ಕೆ ಈಗಾಗಲೇ ಔಷಧಿ ನಡೆಯುತ್ತಿದ್ದರೆ ಈ ಲೇಖನದ ಯಾವ ಹಂತಕ್ಕಾಗಿಯೂ ಅದನ್ನು ನಿಲ್ಲಿಸಕೂಡದು.

ಔಷಧಿ ಎಂದರೆ ಸೋಲು ಎಂದು ಭಾವಿಸುವ ತಂದೆತಾಯಿಯರಿಗೆ ಒಂದು ಮಾತು. ಸೆಟಿರಿಜಿನ್, ಲೊರಾಟಡಿನ್ ಮೊದಲಾದ ಎರಡನೆಯ ಪೀಳಿಗೆಯ ಆಂಟಿಹಿಸ್ಟಮಿನ್‌ಗಳು, ಅಂದರೆ ಹಿಸ್ಟಮಿನ್ ತನ್ನ ಕೆಲಸ ಮಾಡದಂತೆ ತಡೆಯುವ ಔಷಧಿಗಳು, ಹಳೆಯವುಗಳಷ್ಟು ನಿದ್ದೆ ತರಿಸುವುದಿಲ್ಲ. ಮೂಗಿಗೆ ಸಿಂಪಡಿಸುವ ಸ್ಟಿರಾಯ್ಡ್ ಬಹುಮಟ್ಟಿಗೆ ಮೂಗಿನಲ್ಲಿಯೇ ಉಳಿದು ಕೆಲಸ ಮಾಡುತ್ತದೆ. ಮಗುವಿನ ವಯಸ್ಸು, ತೂಕ ನೋಡಿ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಕಟ್ಟಿದ ಮೂಗನ್ನು ಕ್ಷಣದಲ್ಲಿ ತೆರೆಸುವ ಹನಿಗಳನ್ನು ಮಾತ್ರ ನೀವಾಗಿಯೇ ತಂದು ಹಾಕಬೇಡಿ, ಕೆಲವೇ ದಿನಗಳಲ್ಲಿ ಅವಿಲ್ಲದೆ ಮೂಗು ತೆರೆಯದ ಸ್ಥಿತಿ ಬರುತ್ತದೆ.

ಪರಾಗವನ್ನೇ ಔಷಧವಾಗಿಸುವ ಚಿಕಿತ್ಸೆಯೂ ಒಂದಿದೆ. ಇಮ್ಯುನೋಥೆರಪಿ ಎಂಬ ಈ ಕ್ರಮದಲ್ಲಿ ಅಲರ್ಜಿ ತರುವ ಅದೇ ಪರಾಗದ ಸಾರವನ್ನು ಅಳೆದು ಚುಚ್ಚುಮದ್ದಾಗಿಯೋ ನಾಲಿಗೆಯಡಿ ಇಡುವ ಮಾತ್ರೆಯಾಗಿಯೋ ಕೊಟ್ಟು ದೇಹವನ್ನು ನಿಧಾನವಾಗಿ ಒಗ್ಗಿಸುತ್ತಾರೆ. ಲೆನಾರ್ಡ್ ನೂನ್ 1911ರಲ್ಲಿ ಇದನ್ನು ಮೊದಲು ವರದಿ ಮಾಡಿದ್ದು ಹುಲ್ಲಿನ ಪರಾಗದಿಂದಲೇ. ಸಾಮಾನ್ಯವಾಗಿ 5 ವರ್ಷದ ಮೇಲಿನವರಿಗೆ, ಸುಮಾರು 3 ವರ್ಷಗಳ ಕಾಲ ನಡೆಯುವ ಈ ಚಿಕಿತ್ಸೆ ಅಲರ್ಜಿ ತಜ್ಞರ ಉಸ್ತುವಾರಿಯಲ್ಲಿ ಮಾತ್ರ ಆರಂಭವಾಗಬೇಕು. ಮನೆಯಲ್ಲಿ ಜೇನಿನಿಂದ ಸಾಧಿಸಹೊರಟದ್ದನ್ನು ಅಳತೆ ತಪ್ಪದೆ ಮಾಡುವ ಕ್ರಮ ಇದು ಎಂದರೂ ತಪ್ಪಲ್ಲ.

ತಜ್ಞರಲ್ಲಿಗೆ ಹೋಗುವಾಗ ಮೊದಲ ಹಂತದ ದಿನಚರಿಯನ್ನೂ ಮಗುವಿಗೆ ಕೊಡುತ್ತಿರುವ ಎಲ್ಲದರ ಪಟ್ಟಿಯನ್ನೂ, ಕಷಾಯ, ಪುಡಿ ಸೇರಿ, ಒಯ್ಯಿರಿ. ಅವರು ಚರ್ಮದ ಮೇಲೆ ಪರಾಗದ ಸಾರವನ್ನು ಹನಿಸಿ ಮೆಲ್ಲಗೆ ಚುಚ್ಚಿ ನೋಡುವ ಪರೀಕ್ಷೆಯನ್ನೋ, ರಕ್ತದಲ್ಲಿ ಐಜಿಇ ಅಳೆಯುವ ಪರೀಕ್ಷೆಯನ್ನೋ ಮಾಡಿಸುತ್ತಾರೆ. ಕೂದಲಿನ ಪರೀಕ್ಷೆ, ಐಜಿಜಿ ಎಂಬ ಬೇರೊಂದು ಪ್ರತಿಕಾಯವನ್ನು ಅಳೆಯುವ ಪರೀಕ್ಷೆಗಳಿಂದ ಅಲರ್ಜಿ ತಿಳಿಯುವುದಿಲ್ಲವಾದ್ದರಿಂದ ಅವಕ್ಕೆ ಹಣ ಕೊಡಬೇಡಿ. ಚರ್ಮದ ಪರೀಕ್ಷೆಗೆ ಮುನ್ನ ಆಂಟಿಹಿಸ್ಟಮಿನ್‌ಗಳನ್ನು ಸಾಮಾನ್ಯವಾಗಿ ಐದರಿಂದ ಏಳು ದಿನ ನಿಲ್ಲಿಸಬೇಕಾಗುತ್ತದೆ, ಇಲ್ಲವಾದರೆ ಅಲರ್ಜಿಯಿದ್ದರೂ ಚರ್ಮ ಸುಮ್ಮನಿರುತ್ತದೆ. ಎಷ್ಟು ದಿನ ಎಂಬುದನ್ನು ದಿನಾಂಕ ಗೊತ್ತುಮಾಡುವಾಗಲೇ ಕೇಳಿಟ್ಟುಕೊಳ್ಳಿ. ಉಬ್ಬಸದ ಇನ್‌ಹೇಲರ್ ಅನ್ನು ಮಾತ್ರ ಪರೀಕ್ಷೆಗೆಂದು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.